ಗ್ಯಾಸ್ ಗಾಡಿ ತಗೊಳ್ಳುವ ಮುಂಚೆ ಸ್ವಲ್ಪ ಲೆಕ್ಕ: ಸಿಎನ್‌ಜಿ, ಎಲ್‌ಪಿಜಿ, ಗೋಬರ್ ಗ್ಯಾಸ್ ಒಂದೇ ಅಲ್ಲ

ಮೊನ್ನೆ ನಮ್ಮ ಕಾಸರಗೋಡಿನ ಬದಿಯಡ್ಕ ಹತ್ರ ಒಂದು ಮದುವೆ ಊಟಕ್ಕೆ ಹೋಗಿದ್ದೆ, ಪಕ್ಕದ ಎಲೆಗೆ ಕೂತ ಮಾವ ಸಾರು ಬರುವ ಹೊತ್ತಿಗೆ ಕೇಳಿದ್ರು, "ಈ ಗ್ಯಾಸಿನ ಕಾರು ತಗೊಂಡ್ರೆ ಹೇಗೆ ಮಾರಾಯ, ಪೆಟ್ರೋಲ್ ಹಾಕಿ ಹಾಕಿ ಸಾಕಾಯ್ತು" ಅಂತ. ಎದುರಿನ ಸಾಲಿಂದ ಒಬ್ರು "ಬೇಡ ಬೇಡ, ಸಿಲಿಂಡರ್ ಸಿಡಿದ್ರೆ ಎಂತ ಮಾಡುದು" ಅಂದ್ರು, ಇನ್ನೊಬ್ರು "ಅಡಿಗೆ ಸಿಲಿಂಡರನ್ನೇ ಹಿಂದೆ ಇಟ್ಟು ಓಡಿಸ್ತಾರಲ್ಲ ಕೆಲವ್ರು" ಅಂದ್ರು, ಮತ್ತೊಬ್ರು "ನಿಮ್ಮ ಹಟ್ಟಿಯಲ್ಲಿ ನಾಲ್ಕು ದನ ಉಂಟಲ್ಲ, ಗೋಬರ್ ಗ್ಯಾಸಲ್ಲೇ ಓಡಿಸಿ" ಅಂದ್ರು. ಪಾಯಸ ಬರುವಷ್ಟರಲ್ಲಿ ಮೂರು ಬೇರೆ ಬೇರೆ ಗ್ಯಾಸು ಒಂದೇ ಮಾತಲ್ಲಿ ಕಲಸಿ ಹೋಗಿತ್ತು. ಅಲ್ಲಿ ಎಲೆ ಮುಂದೆ ಕೂತು ಪೂರ್ತಿ ಹೇಳ್ಲಿಕ್ಕೆ ಆಗ್ಲಿಲ್ಲ, ಆದ್ರೆ ಹತ್ತು ಲಕ್ಷದ ಹತ್ರ ಹತ್ರ ದುಡ್ಡು ಹಾಕುವ ವಿಷಯ ಇದು, ಗೊತ್ತಿಲ್ದೆ ತಗೊಂಡು ಆಮೇಲೆ ಬೇಜಾರಾಗುವವ್ರನ್ನು ನಾನು ನೋಡಿದ್ದೇನೆ, ಹಾಗಾಗಿ ಬರೀತಿದ್ದೇನೆ.

ಮೊದ್ಲು ಒಂದು ಸಣ್ಣ ಕೆಲಸ ಮಾಡಿ. ಗೂಡಂಗಡಿಯಲ್ಲಿ ಸಿಗುವ ಆ ಪಾರದರ್ಶಕ ಪ್ಲಾಸ್ಟಿಕ್ ಲೈಟರ್ ಒಂದನ್ನು ತಗೊಂಡು ಬೆಳಕಿಗೆ ಹಿಡಿದು ಅಲ್ಲಾಡಿಸಿ. ಒಳಗೆ ನೀರಿನ ಹಾಗೆ ಕುಲುಕ್ತದಲ್ಲ, ಅದು ಬ್ಯೂಟೇನ್. ಹೊರಗೆ ಬಂದ್ರೆ ಗ್ಯಾಸು, ಒಳಗೆ ದ್ರವ. ಅದನ್ನು ದ್ರವ ಮಾಡಿ ಇಡ್ಲಿಕ್ಕೆ ಎಷ್ಟು ಒತ್ತಡ ಬೇಕು ಹೇಳಿದ್ರೆ ನಮ್ಮ ಕಾರಿನ ಟಯರಿಗೆ ಹಾಕುವಷ್ಟು ಗಾಳಿಯ ಒತ್ತಡವೇ ಹೆಚ್ಚು ಕಮ್ಮಿ ಸಾಕು, ಅದಕ್ಕೇ ಅಷ್ಟು ತೆಳು ಪ್ಲಾಸ್ಟಿಕ್ಕು ತಡೀತದೆ. ಅಡಿಗೆ ಮನೆಯ ಸಿಲಿಂಡರಲ್ಲಿ ಇರುವುದೂ ಇದೇ ಬ್ಯೂಟೇನ್, ಜೊತೆಗೆ ಅದರ ತಮ್ಮ ಪ್ರೊಪೇನ್, ಎರಡು ಸೇರಿದ್ರೆ ಎಲ್‌ಪಿಜಿ. ಕಚ್ಚಾತೈಲ ಸಂಸ್ಕರಿಸುವಾಗ್ಲೂ ನೆಲದಡಿಯ ಗ್ಯಾಸನ್ನು ಶುದ್ಧ ಮಾಡುವಾಗ್ಲೂ ಸಿಗ್ತದೆ. ಸಿಲಿಂಡರ್ ಸ್ವಲ್ಪ ಅಲ್ಲಾಡಿಸಿದ್ರೆ ಒಳಗೆ ಕುಲುಕುವ ಶಬ್ದ ಕೇಳ್ತದೆ, ಅದೇ ದ್ರವ.

ಈಗ ಗೋಬರ್ ಗ್ಯಾಸಿಗೆ ಬನ್ನಿ. ನಮ್ಮ ಕಡೆ ಹಳೇ ಮನೆಗಳ ಹಟ್ಟಿ ಪಕ್ಕದಲ್ಲಿ ಈಗ್ಲೂ ಗುಂಡಿ ಉಂಟು, ಮೇಲೆ ಡ್ರಮ್ಮು, ಸೆಗಣಿ ಕಲಸಿ ಹಾಕಿದ್ರೆ ಡ್ರಮ್ಮು ನಿಧಾನ ಏಳ್ತದೆ, ಒಲೆ ಹೊತ್ತಿಸಿದ್ರೆ ಇಳೀತದೆ. ಅದ್ರಲ್ಲಿ ಉರಿಯುವುದು ಮೀಥೇನ್. ಈ ಮೀಥೇನನ್ನು ಲೈಟರಲ್ಲಿ ತುಂಬಿಸ್ಲಿಕ್ಕೆ ಆಗೂದಿಲ್ಲ, ಯಾಕಂದ್ರೆ ನಮ್ಮ ಊರಿನ ಸೆಕೆಯಲ್ಲಿ ನೀವು ಎಷ್ಟೇ ಒತ್ತಿದ್ರೂ ಅದು ದ್ರವ ಆಗುದೇ ಇಲ್ಲ. ಮೈನಸ್ 82 ಡಿಗ್ರಿಗಿಂತ ಮೇಲೆ ಮೀಥೇನು ಬರೀ ಒತ್ತಡಕ್ಕೆ ದ್ರವ ಆಗುವ ಜಾತಿಯದ್ದಲ್ಲ. ಸಿಎನ್‌ಜಿ ಹೇಳುವುದು ಇದೇ ಮೀಥೇನು, ನೆಲದಡಿಯಿಂದ ತೆಗೆದದ್ದು. ದ್ರವ ಆಗುದಿಲ್ಲ ಅಂತ ಆದ್ಮೇಲೆ ಇರುವ ದಾರಿ ಒಂದೇ, ಗ್ಯಾಸನ್ನು ಗ್ಯಾಸಾಗಿಯೇ ಇಟ್ಟು ಗಟ್ಟಿ ಒತ್ತಿ ತುಂಬಿಸುವುದು. ಎಷ್ಟು ಗಟ್ಟಿ? 200 ಬಾರ್. ಕಾರಿನ ಟಯರಲ್ಲಿ ಇರುವುದು ಎರಡು ಬಾರ್ ಚಿಲ್ಲರೆ, ಅಂದ್ರೆ ಟಯರಿನ ಸುಮಾರು ತೊಂಬತ್ತು ಪಟ್ಟು. ಎಲ್‌ಪಿಜಿ ಟ್ಯಾಂಕಲ್ಲಿ ಆ ದಿನದ ಸೆಕೆಗೆ ತಕ್ಕ ಹಾಗೆ ಐದರಿಂದ ಹತ್ತು ಬಾರ್ ಅಷ್ಟೇ.

ಇದೊಂದು ವಿಷಯ ತಲೆಗೆ ಹೋದ್ರೆ ಉಳಿದದ್ದೆಲ್ಲ ತನ್ನಷ್ಟಕ್ಕೇ ಅರ್ಥ ಆಗ್ತದೆ. ಡಿಕ್ಕಿಯಲ್ಲಿ ಜಾಗ ಯಾಕಿಲ್ಲ, ಪಂಪಲ್ಲಿ ಸಾಲು ಯಾಕೆ, ಒಂದ್ಸಲ ತುಂಬಿಸಿದ್ರೆ ಎಷ್ಟು ದೂರ, ಎಲ್ಲದಕ್ಕೂ ಉತ್ತರ ಆ ಲೈಟರಲ್ಲೇ ಉಂಟು.

200 ಬಾರ್ ತಡೀಬೇಕಾದ್ರೆ ಗಟ್ಟಿ ಸಿಲಿಂಡರೇ ಬೇಕು, ಹೆಚ್ಚಾಗಿ ದಪ್ಪ ಉಕ್ಕಿನದ್ದು. ಸಾಮಾನ್ಯ ಕಾರಲ್ಲಿ ಬರುವ ಅರುವತ್ತು ಲೀಟರ್ ನೀರು ಹಿಡಿಯುವ ಸಿಲಿಂಡರು ಖಾಲಿಯಿದ್ರೂ ಒಬ್ಬ ಆಳಿನಷ್ಟು ಭಾರ. ಅದ್ರಲ್ಲಿ ಹಿಡಿಯುವ ಗ್ಯಾಸು ಎಷ್ಟು, ಒಂಬತ್ತು ಕೇಜಿ ಚಿಲ್ಲರೆ. ಕೇಜಿಗೆ 25 ಕಿಮೀ ಓಡ್ತದೆ ಅಂತ ಹಿಡಿದ್ರೂ 225 ಕಿಮೀಗೆ ಖಾಲಿ. ಅದೇ ಅರುವತ್ತು ಲೀಟರಿನ ಎಲ್‌ಪಿಜಿ ಟ್ಯಾಂಕಾದ್ರೆ ಶೇಕಡಾ 80 ಮಾತ್ರ ತುಂಬಿಸುವುದು, ಬಿಸಿಲಿಗೆ ದ್ರವ ಹಿಗ್ಗಲಿಕ್ಕೆ ಜಾಗ ಬೇಕಲ್ಲ ಅದಕ್ಕೆ, ಆಗ್ಲೂ 48 ಲೀಟರ್ ಆಯ್ತು, ಲೀಟರಿಗೆ 14 ಕಿಮೀ ಹಿಡಿದ್ರೆ 670 ಕಿಮೀ ಹತ್ರ. ಒಂದೇ ಅಳತೆಯ ಟ್ಯಾಂಕು, ಮೂರು ಪಟ್ಟು ದೂರ. ಮತ್ತೆ ಎಲ್‌ಪಿಜಿಗೆ ಒತ್ತಡ ಕಮ್ಮಿ ಇರುವ ಕಾರಣ ಟ್ಯಾಂಕನ್ನು ವಡೆಯ ಹಾಗೆ ಮಧ್ಯ ತೂತು ಇಟ್ಟು ಸ್ಟೆಪ್ನಿ ಜಾಗದಲ್ಲೇ ಕೂರಿಸ್ತಾರೆ, ಡಿಕ್ಕಿ ಹಾಗೇ ಉಳೀತದೆ. ಸಿಎನ್‌ಜಿಗೆ ಅದು ಅಷ್ಟು ಸುಲಭ ಇಲ್ಲ. ಈಗ 2023ರಿಂದ ಟಾಟಾದವ್ರು ಒಂದು ದೊಡ್ಡ ಸಿಲಿಂಡರಿನ ಬದ್ಲು ಮೂವತ್ತು ಮೂವತ್ತು ಲೀಟರಿನ ಎರಡು ಸಣ್ಣದನ್ನು ಡಿಕ್ಕಿಯ ನೆಲದಡಿಗೆ ಹಾಕ್ಲಿಕ್ಕೆ ಶುರು ಮಾಡಿದ್ದಾರೆ, ಹ್ಯುಂಡೈಯವ್ರೂ ಆಮೇಲೆ ಹಾಗೇ ಮಾಡಿದ್ರು. ಒಳ್ಳೆ ಕೆಲಸ ಅಂತಲೇ ನಾನು ಹೇಳುದು, ಯಾಕಂದ್ರೆ ನಮ್ಮ ಕಡೆ ಕಾರು ಹೇಳಿದ್ರೆ ಬರೀ ಮನುಷ್ಯರು ಕೂರ್ಲಿಕ್ಕೆ ಅಲ್ಲ, ಅಡಿಕೆ ಗೋಣಿ, ಹಿಂಡಿ, ತೆಂಗಿನಕಾಯಿ, ಆಸ್ಪತ್ರೆಗೆ ಹೋಗುವಾಗ ಅಜ್ಜಿಯ ಹಾಸಿಗೆ ಎಲ್ಲ ಅದ್ರಲ್ಲೇ ಹೋಗ್ಬೇಕು.

ಇನ್ನು ಪಂಪು. ಸಿಎನ್‌ಜಿ ನಮ್ಮ ಊರಿಗೆ ಹೇಗೆ ಬಂತು ಅಂತ ತುಂಬ ಜನಕ್ಕೆ ಗೊತ್ತಿಲ್ಲ. ಹೊರದೇಶದಿಂದ ಹಡಗಲ್ಲಿ ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಿ ದ್ರವ ಮಾಡಿದ ಮೀಥೇನು ಕೊಚ್ಚಿಯ ಪುದುವೈಪ್ ಟರ್ಮಿನಲಿಗೆ ಬರ್ತದೆ, ಇದಕ್ಕೆ ಎಲ್‌ಎನ್‌ಜಿ ಅಂತ ಹೆಸರು, ಗ್ಯಾಸಾಗಿದ್ದಾಗ ಹಿಡಿಯುವ ಜಾಗದ 600ರಲ್ಲಿ ಒಂದು ಪಾಲು ಸಾಕು ಅದಕ್ಕೆ. ಅಲ್ಲಿ ವಾಪಸ್ ಗ್ಯಾಸು ಮಾಡಿ ಪೈಪಿಗೆ ಬಿಡ್ತಾರೆ. ಆ ಕೊಚ್ಚಿ–ಮಂಗಳೂರು ಪೈಪ್‌ಲೈನು 450 ಕಿಮೀ ಉದ್ದದ್ದು, 2021ರ ಜನವರಿ 5ಕ್ಕೆ ಉದ್ಘಾಟನೆ ಆಯ್ತು. ಕೊನೆಗೆ ಕೆಲಸ ಸಿಕ್ಕಿ ಹಾಕಿಕೊಂಡದ್ದು ಎಲ್ಲಿ ಅಂದ್ರೆ ನಮ್ಮ ಚಂದ್ರಗಿರಿ ಹೊಳೆಯಲ್ಲಿ, ಹೊಳೆಯ ಅಡಿಯಿಂದ ಒಂದೂವರೆ ಕಿಮೀ ಕೊರೆದು ಪೈಪು ಎಳೀಬೇಕಾಯ್ತು. ಹಾಗೆ ನಮ್ಮ ಕಾಲಡಿಯಲ್ಲೇ ಗ್ಯಾಸು ಹರೀತಾ ಉಂಟು, ಆದ್ರೆ ಕಾಲಡಿಯಲ್ಲಿ ಹರಿದ್ರೆ ನಮ್ಮ ಕಾರಿಗೆ ಸಿಕ್ಕಿದ ಹಾಗೆ ಆಗುದಿಲ್ಲ.

ಯಾಕೆ ಹೇಳ್ತೇನೆ. ಪೈಪಿಗೆ ನೇರ ಕನೆಕ್ಷನ್ ಇರುವ ಪಂಪಲ್ಲಿ ದೊಡ್ಡ ಕಂಪ್ರೆಸರ್ ಇರ್ತದೆ, ಬೇಕಾದಷ್ಟು ಒತ್ತಿ ಕೊಡ್ತದೆ. ಇಂಥ ದೊಡ್ಡ ಸ್ಟೇಶನಿಗೆ ಮದರ್ ಸ್ಟೇಶನ್ ಅಂತಾರೆ, ಅಲ್ಲಿ ಲಾರಿಯ ಮೇಲೆ ಸಾಲಾಗಿ ಜೋಡಿಸಿದ ಸಿಲಿಂಡರ್‌ಗಳಿಗೆ ಗ್ಯಾಸು ತುಂಬಿಸಿ ಪೈಪು ಇಲ್ಲದ ಕಡೆಯ ಪಂಪುಗಳಿಗೆ ಕಳಿಸ್ತಾರೆ, ಅವು ಡಾಟರ್ ಸ್ಟೇಶನ್. ತಾಯಿ ಮಗಳು. ಮಗಳ ಮನೆಯಲ್ಲಿ ಕಷ್ಟ ಏನಂದ್ರೆ, ಲಾರಿ ಬಂದ ಕೂಡ್ಲೇ ಹೋದವನಿಗೆ ಪೂರ್ತಿ ಒತ್ತಡ ಸಿಗ್ತದೆ, ಒಂದೊಂದು ಗಾಡಿಗೆ ತುಂಬಿಸಿದ ಹಾಗೆ ಲಾರಿ ಸಿಲಿಂಡರಿನ ಒತ್ತಡ ಇಳೀತಾ ಬರ್ತದೆ, ಕೊನೆಗೆ ಹೋದವನಿಗೆ ಅರ್ಧ. ಅಲ್ಲಿ ಒತ್ತಡ ಏರಿಸುವ ಬೂಸ್ಟರ್ ಮೆಷಿನ್ ಇದ್ರೆ ಸ್ವಲ್ಪ ಪರವಾಗಿಲ್ಲ, ಅದು ಹಾಳಾಗಿದ್ರೆ ಕಥೆ ಮುಗೀತು. ನಾನೇ ಒಂದು ಸಲ ಹೆದ್ದಾರಿ ಬದಿಯ ಒಂದು ಪಂಪಲ್ಲಿ ಮಧ್ಯಾಹ್ನ ಮುಕ್ಕಾಲು ಗಂಟೆ ರಿಕ್ಷಾಗಳ ಹಿಂದೆ ನಿಂತು, ನನ್ನ ಸರದಿ ಬಂದಾಗ ಮೀಟರು ನಾಲ್ಕು ಕೇಜಿಗೆ ನಿಂತುಬಿಡ್ತು, ಗೇಜಿನ ಮುಳ್ಳು 200 ಹತ್ರವೂ ಬರ್ಲಿಲ್ಲ. ನಾಲ್ಕು ಕೇಜಿ ಅಂದ್ರೆ ನೂರು ಕಿಮೀ. ಅದ್ರಲ್ಲಿ ವಾಪಸ್ ಮನೆಗೆ ಹೋಗ್ಲಿಕ್ಕೇ ಇಪ್ಪತ್ತೈದು ಹೋಯ್ತು. ಇನ್ನೊಂದು ವಿಷಯ, ಗ್ಯಾಸನ್ನು ಗಡಿಬಿಡಿಯಲ್ಲಿ ಒತ್ತಿ ತುಂಬಿಸಿದ್ರೆ ಅದು ಬಿಸಿಯಾಗ್ತದೆ, ಸೈಕಲಿಗೆ ಗಾಳಿ ಹೊಡೀವಾಗ ಪಂಪಿನ ಬುಡ ಬಿಸಿಯಾಗುದಿಲ್ವಾ ಹಾಗೆ, ಬಿಸಿಯಾದ ಗ್ಯಾಸು ಬೇಗ ಒತ್ತಡ ತೋರಿಸ್ತದೆ, ಮನೆಗೆ ಬಂದು ತಣ್ಣಗಾದ ಮೇಲೆ ಮುಳ್ಳು ಕೆಳಗೆ ಇಳೀತದೆ. ಅದಕ್ಕೆ ಬೆಳಿಗ್ಗೆ ಬೇಗ ಹೋಗಿ ತುಂಬಿಸುವವ್ರಿಗೆ ನಾಕು ಕಾಸು ಹೆಚ್ಚು ಗ್ಯಾಸು ಸಿಗುದು ಸುಳ್ಳಲ್ಲ.

ಎಲ್‌ಪಿಜಿಗೆ ಈ ರಗಳೆ ಯಾವುದೂ ಇಲ್ಲ, ಪೆಟ್ರೋಲ್ ಹಾಗೆ ಐದು ನಿಮಿಷದಲ್ಲಿ ತುಂಬಿಸಿ ಹೋಗ್ಬಹುದು. ಆದ್ರೆ ಅದಕ್ಕೆ ಬೇರೆ ಬೇಜಾರು. 2001ರಲ್ಲಿ ಗಾಡಿಗೆ ಎಲ್‌ಪಿಜಿ ಹಾಕುವ ನಿಯಮ ಬಂತು, 2006ರಲ್ಲಿ ಮಾರುತಿಯವ್ರು ವ್ಯಾಗನ್ಆರ್ ಡ್ಯುಯೋ ಅಂತ ಕಂಪೆನಿ ಫಿಟಿಂಗ್ ಎಲ್‌ಪಿಜಿ ಕಾರೇ ತಂದಿದ್ರು, ಆಗ ಎಲ್ಲ ಕಡೆ ಅದೇ ಮಾತು. ಆಮೇಲೆ ಕಂಪೆನಿಗಳು ಸಿಎನ್‌ಜಿ ಕಡೆ ತಿರುಗಿದ್ವು. ಈಗ ಎಲ್‌ಪಿಜಿ ಬೇಕಾದ್ರೆ ಹೆಚ್ಚಾಗಿ ಹೊರಗಿಂದ ಕಿಟ್ ಹಾಕಿಸ್ಬೇಕು, ಪಂಪುಗಳೂ ರಿಕ್ಷಾದವ್ರನ್ನು ನಂಬಿಯೇ ನಡೀತಾ ಉಂಟು. ಟೆಕ್ನಿಕಲ್ ಆಗಿ ನೋಡಿದ್ರೆ ಕಾರಿಗೆ ಎಲ್‌ಪಿಜಿಯಷ್ಟು ಅನುಕೂಲದ ಗ್ಯಾಸು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ, ಆದ್ರೆ ಪಂಪು ಇಲ್ಲದ ಕಡೆ ಅನುಕೂಲ ಇಟ್ಕೊಂಡು ಎಂತ ಮಾಡುದು.

ಏರು ಹತ್ತುವಾಗ ಗ್ಯಾಸ್ ಗಾಡಿ ಉಸಿರು ಬಿಡ್ತದೆ ಅಂತ ಎಲ್ರೂ ಹೇಳ್ತಾರೆ, ಅದು ನಿಜ. ಇಂಜಿನ್ ಒಂದು ಸಲ ಉಸಿರು ಎಳ್ಕೊಳ್ಳುವಾಗ ಒಳಗೆ ಬರುವ ಜಾಗ ಇಷ್ಟೇ ಅಂತ ಲೆಕ್ಕ ಉಂಟು. ಪೆಟ್ರೋಲು ಹನಿಯಾಗಿ ಬರ್ತದೆ, ಜಾಗವೇ ಹಿಡಿಯುದಿಲ್ಲ ಹೇಳಬಹುದು. ಮೀಥೇನು ಒಂದು ಪಾಲಿಗೆ ಒಂಬತ್ತೂವರೆ ಪಾಲು ಗಾಳಿ ಬೇಕು ಪೂರ್ತಿ ಉರೀಲಿಕ್ಕೆ, ಅಂದ್ರೆ ಎಳ್ಕೊಂಡ ಉಸಿರಿನ ಹತ್ತರಲ್ಲಿ ಒಂದು ಭಾಗದ ಹತ್ರ ಗ್ಯಾಸೇ ತಿಂದ ಹಾಗೆ ಆಯ್ತು, ಅಷ್ಟು ಗಾಳಿ ಕಮ್ಮಿ, ಅಷ್ಟು ಶಕ್ತಿ ಕಮ್ಮಿ. ಪ್ರೊಪೇನಿಗೆ ಒಂದಕ್ಕೆ 24 ಪಾಲು ಗಾಳಿ, ಅದು ಹಿಡಿಯುವ ಜಾಗ ನೂರಕ್ಕೆ ನಾಲ್ಕೇ, ಹಾಗಾಗಿ ಎಲ್‌ಪಿಜಿಯಲ್ಲಿ ಅಷ್ಟು ಗೊತ್ತಾಗುದಿಲ್ಲ. ಒಂದು ಲೀಟರ್ ಇಂಜಿನಿನ ವ್ಯಾಗನ್ಆರ್ ತಗೊಳ್ಳಿ, ಪೆಟ್ರೋಲಲ್ಲಿ 67 ಹಾರ್ಸ್‌ಪವರ್ ಹತ್ರ, ಅದೇ ಕಾರು ಸಿಎನ್‌ಜಿಯಲ್ಲಿ 57. ಕಾಸರಗೋಡಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಒಬ್ರೇ ಹೋಗುವಾಗ ಇದು ಲೆಕ್ಕಕ್ಕೇ ಬರುದಿಲ್ಲ. ಆದ್ರೆ ಪೆರ್ಲ ಕಡೆಯ ಆ ಮುರಕಲ್ಲು ಗುಡ್ಡದ ತಿರುವಲ್ಲಿ ಐದು ಜನ ಕೂತು, ಏಸಿ ಹಾಕಿ, ಮೊದ್ಲೇ ಸಿಲಿಂಡರಿನ ಭಾರವೂ ಉಂಟಲ್ಲ, ಸೆಕೆಂಡಿನಿಂದ ಫಸ್ಟಿಗೆ ಹಾಕ್ಬೇಕಾಗ್ತದೆ. ಅಲ್ಲಿ ಬಟನ್ ಒತ್ತಿ ಪೆಟ್ರೋಲಿಗೆ ಬದಲಿಸಿಕೊಂಡ್ರೆ ಆಯ್ತು, ಈ ಗಾಡಿಗಳೆಲ್ಲ ಎರಡರಲ್ಲೂ ಓಡುವಂಥದ್ದೇ. ಪೆಟ್ರೋಲ್ ಟ್ಯಾಂಕನ್ನು ಪೂರ್ತಿ ಖಾಲಿ ಬಿಡ್ಬೇಡಿ, ಬೆಳಿಗ್ಗೆ ಹೆಚ್ಚಿನ ಗಾಡಿಗಳು ಪೆಟ್ರೋಲಲ್ಲೇ ಸ್ಟಾರ್ಟಾಗಿ ಬಿಸಿಯಾದ ಮೇಲೆ ಗ್ಯಾಸಿಗೆ ತಿರುಗುದು.

ಗ್ಯಾಸಿಂದ ಇಂಜಿನ್ ಹಾಳಾಗ್ತದಾ ಅಂತ ಕೇಳ್ತಾರೆ. ಗ್ಯಾಸು ಶುದ್ಧವಾಗಿ ಉರೀತದೆ, ಆಯಿಲ್ ಬೇಗ ಕಪ್ಪಾಗುದಿಲ್ಲ, ಆಕ್ಟೇನ್, ಅಂದ್ರೆ ಹೊತ್ತಿಗೆ ಮುಂಚೆ ತನ್ನಷ್ಟಕ್ಕೇ ಹೊತ್ತಿಕೊಳ್ಳದ ಗುಣ, ಜಾಸ್ತಿ ಇರುವ ಕಾರಣ ಇಂಜಿನ್ ಬಡಿಯುದೂ ಇಲ್ಲ. ಆದ್ರೆ ಗ್ಯಾಸು ಒಣ ಇಂಧನ, ವಾಲ್ವ್ ಕೂರುವ ಜಾಗ ಬೇಗ ತೇಯ್ತದೆ. ಕಂಪೆನಿಯಿಂದಲೇ ಬರುವ ಗಾಡಿಯಲ್ಲಿ ಅದಕ್ಕೆ ಗಟ್ಟಿ ವಾಲ್ವ್ ಸೀಟ್ ಹಾಕಿರ್ತಾರೆ, ಹೊರಗೆ ಕಿಟ್ ಹಾಕಿಸಿದ್ರೆ ಅದು ಇರುದಿಲ್ಲ. ನನ್ನ ಕೇಳಿದ್ರೆ ಕಂಪೆನಿ ಫಿಟಿಂಗೇ ಒಳ್ಳೇದು. ಹೊರಗೆ ಹಾಕಿಸುದೇ ಆದ್ರೆ ಅಪ್ರೂವ್ಡ್ ಕಿಟ್ಟೇ ಬೇಕು, ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸ್ಬೇಕು, ಇನ್ಶೂರೆನ್ಸಿನವ್ರಿಗೂ ಹೇಳ್ಬೇಕು, ಇಲ್ಲದಿದ್ರೆ ನಾಳೆ ಏನಾದ್ರೂ ಆದಾಗ ಒಂದು ರೂಪಾಯಿ ಬರ್ಲಿಕ್ಕಿಲ್ಲ.

ಸಿಡಿಯುವ ಭಯದ ಬಗ್ಗೆ ಸ್ವಲ್ಪ ನಿಧಾನ ಹೇಳ್ಬೇಕು, ಯಾಕಂದ್ರೆ ನಮ್ಮ ಕರಾವಳಿಯವ್ರಿಗೆ ಈ ಭಯ ಸುಮ್ಮನೆ ಬಂದದ್ದಲ್ಲ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಎಲ್‌ಪಿಜಿ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ಇಪ್ಪತ್ತರಷ್ಟು ಜನ ಹೋದ್ರು, ಪಾಪ, ಹೆಚ್ಚಿನವ್ರು ಮನೆಯಲ್ಲೇ ಇದ್ದವ್ರು. ಈಗ್ಲೂ ಹೆದ್ದಾರಿಯಲ್ಲಿ ಬುಲೆಟ್ ಟ್ಯಾಂಕರ್ ಪಕ್ಕದಲ್ಲಿ ಬಂದ್ರೆ ಅದೇ ನೆನಪಾಗ್ತದೆ. ಅಲ್ಲಿ ಅಷ್ಟು ಅನಾಹುತ ಆಗ್ಲಿಕ್ಕೆ ಕಾರಣ ಎಲ್‌ಪಿಜಿ ಗಾಳಿಗಿಂತ ಭಾರ, ಒಂದೂವರೆಯಿಂದ ಎರಡು ಪಟ್ಟು. ಸೋರಿದ್ರೆ ಮೇಲೆ ಹೋಗುದಿಲ್ಲ, ನೀರಿನ ಹಾಗೆ ತಗ್ಗಿಗೆ ಹರೀತದೆ, ಚರಂಡಿಗೆ, ಅಂಗಳಕ್ಕೆ, ಬಾಗಿಲ ಸಂದಿಗೆ, ಎಲ್ಲೋ ಒಂದು ಕಡೆ ದೀಪ ಸಿಕ್ಕಿದ್ರೆ ಅಲ್ಲಿಂದ ವಾಪಸ್ ಹೊತ್ತಿಕೊಂಡು ಬರ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದ್ರೂ ಹೊತ್ತಿಕೊಳ್ತದೆ. ಸಿಎನ್‌ಜಿ ಇದಕ್ಕೆ ಉಲ್ಟಾ, ಗಾಳಿಯ ಅರ್ಧಕ್ಕಿಂತ ಚೂರು ಹೆಚ್ಚು ಭಾರ ಅಷ್ಟೇ, ಸೋರಿದ ಕೂಡ್ಲೇ ಮೇಲೆ ಹಾರಿ ಹೋಗ್ತದೆ, ನೂರಕ್ಕೆ ಐದು ಪಾಲಾದ್ರೂ ಸೇರದೆ ಹೊತ್ತಿಕೊಳ್ಳುದಿಲ್ಲ, ಕಿಡಿಯಿಲ್ಲದೆ ತನ್ನಷ್ಟಕ್ಕೇ ಹೊತ್ತಿಕೊಳ್ಬೇಕಾದ್ರೆ 540 ಡಿಗ್ರಿ ಹತ್ರ ಬಿಸಿ ಬೇಕು. ಪೆಟ್ರೋಲಿಗೆ ಅದರ ಅರ್ಧ ಸಾಕು. ಹಾಗಂತ ಎಲ್‌ಪಿಜಿ ಕಾರು ಚಾಲದ ಟ್ಯಾಂಕರಿನ ಹಾಗೆ ಅಲ್ಲ, ಕಾರಲ್ಲಿ ಇರುವುದು ಇಪ್ಪತ್ತು ಕೇಜಿ ಆಸುಪಾಸು, ವಾಲ್ವ್ ಇಂಜಿನ್ ನಿಂತ ಕೂಡ್ಲೇ ಮುಚ್ಚಿಕೊಳ್ತದೆ. ಎಲ್‌ಪಿಜಿ ಗಾಡಿಯನ್ನು ನೆಲಮಾಳಿಗೆಯಲ್ಲೋ ತಗ್ಗಿನ ಶೆಡ್ಡಲ್ಲೋ ಮುಚ್ಚಿ ಇಡ್ಬೇಡಿ, ಸಿಎನ್‌ಜಿ ಗಾಡಿ ಇಡುವ ಶೆಡ್ಡಿಗೆ ಮಾಡಿನ ಹತ್ರ ಗಾಳಿ ಹೋಗ್ಲಿಕ್ಕೆ ದಾರಿ ಇರ್ಲಿ. ಕೊಳೆತ ವಾಸನೆ ಬಂದ್ರೆ ಅದು ಸೋರಿಕೆ ಗೊತ್ತಾಗ್ಲಿ ಅಂತಲೇ ಬೆರೆಸಿದ ಮರ್ಕಾಪ್ಟನ್, ಸ್ವಿಚ್ಚೂ ಮುಟ್ಬೇಡಿ, ಕೀ ತಿರುಗಿಸ್ಬೇಡಿ.

ಸಿಎನ್‌ಜಿಯಲ್ಲಿ ನಿಜವಾದ ಅಪಾಯ ಇರುವುದು ಬೆಂಕಿಗಿಂತ ಒತ್ತಡದಲ್ಲಿ, ಹಳೇ ಸಿಲಿಂಡರ್ ತುಕ್ಕು ಹಿಡಿದು ತುಂಬಿಸುವಾಗ ಒಡೆದು ಹೋಗುದು. ಅದಕ್ಕೇ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದ್ರೆ ನೀರು ತುಂಬಿಸಿ ಒತ್ತಿ ನೋಡುವ ಪರೀಕ್ಷೆ, ಮಾಡಿಸ್ಬೇಕು ಅಂತ ಕಾನೂನು ಉಂಟು. ಸೆಕೆಂಡ್ ಹ್ಯಾಂಡ್ ಸಿಎನ್‌ಜಿ ಗಾಡಿ ನೋಡುವವ್ರು ಬಣ್ಣ, ಟಯರ್ ನೋಡುವ ಮೊದ್ಲು ಆ ಟೆಸ್ಟಿನ ತಾರೀಕು ನೋಡಿ. ನಮ್ಮ ಉಪ್ಪುಗಾಳಿಗೆ, ಮಳೆಗೆ ಕಬ್ಬಿಣ ಎಷ್ಟು ಬೇಗ ತಿಂದು ಹೋಗ್ತದೆ ಅಂತ ನಮಗೇ ಗೊತ್ತಲ್ಲ.

ಅಡಿಗೆ ಸಿಲಿಂಡರ್ ಇಟ್ಟು ಓಡಿಸುವ ಮಾತು ಬಂತಲ್ಲ, ದಯವಿಟ್ಟು ಅದನ್ನು ಮಾಡ್ಬೇಡಿ. ಕಾನೂನು ಬಾಹಿರ ಅನ್ನುವುದು ಒಂದು. ಅಡಿಗೆ ಸಿಲಿಂಡರ್ ನಿಲ್ಲಿಸಿ ಇಡ್ಲಿಕ್ಕೆ ಮಾಡಿದ್ದು, ಮೇಲಿಂದ ಗ್ಯಾಸು ಮಾತ್ರ ಬರುವ ಹಾಗೆ. ಗಾಡಿಯ ಟ್ಯಾಂಕಿಂದ ದ್ರವವನ್ನೇ ಎಳೆಯುದು, 80ಕ್ಕೆ ನಿಲ್ಲಿಸುವ ವಾಲ್ವು, ಪೈಪ್ ತುಂಡಾದ್ರೆ ಮುಚ್ಚುವ ವಾಲ್ವು ಎಲ್ಲ ಅದ್ರಲ್ಲಿ ಉಂಟು, ಅಡಿಗೆ ಸಿಲಿಂಡರಲ್ಲಿ ಇದ್ಯಾವುದೂ ಇಲ್ಲ. ಹಿಂದಿನ ಸೀಟಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹಾಗೆ ಓಡಿಸುವವ್ರನ್ನು ನೆನೆಸಿದ್ರೆ ಹೊಟ್ಟೆ ಉರೀತದೆ.

ದುಡ್ಡಿನ ಲೆಕ್ಕ. ರೇಟು ಬದಲಾಗ್ತಾ ಇರ್ತದೆ, ಕೇರಳ–ಕರ್ನಾಟಕ ಗಡಿಯ ತಲಪಾಡಿ ಆಚೆ ಒಂದು, ಈಚೆ ಒಂದು, ಹಾಗಾಗಿ ಲೆಕ್ಕ ಮಾಡುವ ಕ್ರಮ ಹೇಳ್ತೇನೆ, ನೀವು ಆ ದಿನದ ರೇಟು ಹಾಕಿಕೊಳ್ಳಿ. ಒಂದು ಕೇಜಿ ಸಿಎನ್‌ಜಿ ಹೇಳಿದ್ರೆ ಸುಮಾರು 1.4 ಲೀಟರ್ ಪೆಟ್ರೋಲಿಗೆ ಸಮ. ಪೆಟ್ರೋಲು 105, ಸಿಎನ್‌ಜಿ 90 ಅಂತ ಲೆಕ್ಕಕ್ಕೆ ಹಿಡೀವ. ಪೆಟ್ರೋಲಲ್ಲಿ 18 ಕಿಮೀ ಕೊಡುವ ಕಾರಿಗೆ ಕಿಮೀಗೆ 5 ರೂಪಾಯಿ 83 ಪೈಸೆ, ಅದೇ ಕಾರು ಸಿಎನ್‌ಜಿಯಲ್ಲಿ 26 ಕಿಮೀ ಓಡಿದ್ರೆ 3 ರೂಪಾಯಿ 46 ಪೈಸೆ. ಉಳಿತಾಯ ಕಿಮೀಗೆ 2 ರೂಪಾಯಿ 37 ಪೈಸೆ. ಸಿಎನ್‌ಜಿ ಮಾಡೆಲಿಗೆ ಹೆಚ್ಚು ಕೊಡುವ ದುಡ್ಡು 90,000 ಅಂತ ಹಿಡಿದ್ರೆ ಅದು ವಾಪಸ್ ಬರ್ಲಿಕ್ಕೆ 38,000 ಕಿಮೀ ಓಡಿಸ್ಬೇಕು. ತಿಂಗಳಿಗೆ ಎರಡು ಸಾವಿರ ಕಿಮೀ ಓಡಿಸುವವನಿಗೆ ಒಂದೂವರೆ ವರ್ಷ ಚಿಲ್ಲರೆ, ಐನೂರು ಓಡಿಸುವವನಿಗೆ ಆರು ವರ್ಷ ದಾಟ್ತದೆ. ಎಲ್‌ಪಿಜಿ ಲೆಕ್ಕ ಬೇರೆ, ಅದು ಲೀಟರಲ್ಲಿ ಮಾರುದು, ಒಂದು ಲೀಟರಲ್ಲಿ ಪೆಟ್ರೋಲಿಗಿಂತ ಶಕ್ತಿ ಕಮ್ಮಿ, ಹಾಗಾಗಿ ಎಲ್‌ಪಿಜಿ ರೇಟು ಪೆಟ್ರೋಲಿನ ನಾಲ್ಕರಲ್ಲಿ ಮೂರು ಪಾಲಿಗಿಂತ ಕೆಳಗೆ ಇದ್ರೆ ಮಾತ್ರ ಲಾಭ ಅಂತ ನೆನಪಿಟ್ಟುಕೊಳ್ಳಿ.

ಹಟ್ಟಿಯ ಗೋಬರ್ ಗ್ಯಾಸಲ್ಲಿ ಕಾರು ಓಡ್ತದಾ? ಓಡ್ತದೆ, ಆದ್ರೆ ಆ ಗುಂಡಿಯಿಂದ ನೇರ ಅಲ್ಲ. ಅದ್ರಲ್ಲಿ ಮೀಥೇನು ನೂರಕ್ಕೆ ಅರುವತ್ತರ ಹತ್ರ, ಉಳಿದದ್ದೆಲ್ಲ ಹೆಚ್ಚು ಕಮ್ಮಿ ಕಾರ್ಬನ್ ಡೈ ಆಕ್ಸೈಡ್, ಉರಿಯುದೇ ಇಲ್ಲ, ಮತ್ತೆ ನೀರಿನಂಶ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್, ಅದು ಕಬ್ಬಿಣವನ್ನು ತಿಂದು ಹಾಕ್ತದೆ. ಇದನ್ನೆಲ್ಲ ತೆಗೆದು 200 ಬಾರಿಗೆ ಒತ್ತಿದ್ರೆ ಅದೇ ಸಿಬಿಜಿ, ಅಂದ್ರೆ ಒತ್ತಿ ತುಂಬಿದ ಬಯೋಗ್ಯಾಸ್, ಸಿಎನ್‌ಜಿ ಕಾರಿಗೆ ಯಾವ ಬದಲಾವಣೆಯೂ ಇಲ್ಲದೆ ಹಾಕ್ಬಹುದು. ಕೇಂದ್ರ ಸರಕಾರ 2018ರಲ್ಲಿ ಸತತ್ ಅಂತ ಯೋಜನೆ ತಂದದ್ದು ಇದಕ್ಕೇ. ಮನೆಮಟ್ಟಿಗೆ ಯಾಕೆ ಆಗುದಿಲ್ಲ ಅಂತ ಮಾವನಿಗೆ ಲೆಕ್ಕ ಮಾಡಿ ತೋರಿಸಿದೆ. ಒಂದು ದನ ದಿನಕ್ಕೆ ಹತ್ತು ಕೇಜಿ ಸೆಗಣಿ, ನಮ್ಮ ಸಣ್ಣ ತಳಿಯ ಕಾಸರಗೋಡು ಗಿಡ್ಡ ದನ ಆದ್ರೆ ಇನ್ನೂ ಕಮ್ಮಿ. ಕೇಜಿಗೆ 40 ಲೀಟರ್ ಗ್ಯಾಸು. ನಾಲ್ಕು ದನದ 40 ಕೇಜಿಗೆ 1,600 ಲೀಟರ್, ಅದ್ರಲ್ಲಿ ಮೀಥೇನು ತೂಗಿದ್ರೆ ಮುಕ್ಕಾಲು ಕೇಜಿಯೂ ಆಗ್ಲಿಕ್ಕಿಲ್ಲ. ದಿನಕ್ಕೆ ಹದಿನಾರು ಕಿಮೀ. ಅದಕ್ಕೆ ಲಕ್ಷಗಟ್ಟಲೆಯ ಕಂಪ್ರೆಸರ್ ಯಾರು ಇಡ್ತಾರೆ. ಆದ್ರೆ ಊರಿಡೀ ಸೇರಿ, ಹಾಲಿನ ಸೊಸೈಟಿಗೆ ಹಾಲು ಕೊಡುವ ಹಾಗೆ ಸೆಗಣಿ ಕೊಟ್ಟು ಒಂದು ಕಡೆ ಮಾಡಿದ್ರೆ ಆಗುವಂಥದ್ದೇ, ನನಗೆ ಇದ್ರ ಮೇಲೆ ತುಂಬ ಆಸೆ ಉಂಟು. ಹಡಗಲ್ಲಿ ಬರುವ ಗ್ಯಾಸಿನ ರೇಟು ಲೋಕದಲ್ಲಿ ಎಲ್ಲೋ ಯುದ್ಧ ಆದ್ರೆ ಏರ್ತದೆ, ಸೆಗಣಿಯದ್ದು ಹಾಗಲ್ಲ. ಅಷ್ಟೇ ಅಲ್ಲ, ಮೀಥೇನು ಉರಿಯದೆ ಹಾಗೇ ಮೇಲೆ ಹೋದ್ರೆ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈ ಆಕ್ಸೈಡಿನ ಇಪ್ಪತ್ತೆಂಟು ಪಟ್ಟು ಬಿಸಿ ಹಿಡೀತದೆ, ಗೊಬ್ಬರದ ರಾಶಿಯಿಂದ ಸುಮ್ಮನೆ ಹಾರಿ ಹೋಗುದಕ್ಕಿಂತ ಇಂಜಿನಲ್ಲಿ ಉರಿದು ಹೋಗುದು ಎಷ್ಟೋ ವಾಸಿ.

ಎಲ್‌ಎನ್‌ಜಿ ಕಾರಿಗೆ ಆಗುದಿಲ್ಲ, ಅದು ದಿನಾ ಓಡುವ ದೊಡ್ಡ ಲಾರಿಗಳಿಗೆ, ನಿಲ್ಲಿಸಿಟ್ರೆ ಮೈನಸ್ 162ರಲ್ಲಿ ಇದ್ದದ್ದು ನಿಧಾನ ಕುದಿದು ಹಾರಿ ಹೋಗ್ತದೆ. ಹೈಡ್ರೋಜನ್ ಅಂತೂ 700 ಬಾರ್ ಬೇಕು, 2022ರಲ್ಲಿ ಗಡ್ಕರಿಯವ್ರು ಪಾರ್ಲಿಮೆಂಟಿಗೆ ಹೋದ ಆ ಟೊಯೋಟಾ ಮಿರಾಯಿ ಕಾರು ಅದೇ, ಮೂರು ಟ್ಯಾಂಕಲ್ಲಿ ಸೇರಿ ಐದೂವರೆ ಕೇಜಿ ಚಿಲ್ಲರೆ ಹಿಡೀತದೆ. ನಮ್ಮ ಕಡೆಗೆ ಅದು ಬರುವುದು ದೂರದ ಮಾತು.

ಮಾವನ ಮನೆಯಿಂದ ಸಿಎನ್‌ಜಿ ಪಂಪಿಗೆ 25 ಕಿಮೀ. ಹೋಗಿ ಬರುವಾಗ ಐವತ್ತು, ಅದಕ್ಕಂತಲೇ ಹೋದ್ರೆ ತುಂಬಿಸಿದ್ದರ ನಾಲ್ಕರಲ್ಲಿ ಒಂದು ಪಾಲು ದಾರಿಗೇ ಹೋಯ್ತು. ಅವರು ತೋಟ ಬಿಟ್ಟು ಹೊರಗೆ ಹೋಗುದು ವಾರಕ್ಕೆ ಎರಡು ಸಲ, ಪುತ್ತೂರಿಗೋ ಬದಿಯಡ್ಕಕ್ಕೋ, ತಿಂಗಳಿಗೆ ನಾನೂರು ಕಿಮೀ ದಾಟುದಿಲ್ಲ. ಅವರಿಗೆ ಪೆಟ್ರೋಲೇ ಸಾಕು ಅಂದೆ. ಅವರ ಮಗಳು ಉಪ್ಪಳದಲ್ಲಿ ಮನೆ ಮಾಡಿ ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವಳು, ಹೆದ್ದಾರಿಯಲ್ಲೇ ದಾರಿ, ಪಂಪು ದಾರಿಯಲ್ಲೇ, ಬೆಳಿಗ್ಗೆ ಆರೂವರೆಗೆ ಹೊರಡ್ತಾಳೆ. ಅವಳಿಗೆ ಸಿಎನ್‌ಜಿ ಅಂತ ಹೇಳಿದೆ, ನೆಲದಡಿಗೆ ಎರಡು ಸಿಲಿಂಡರ್ ಇರುವಂಥದ್ದು, ಯಾಕಂದ್ರೆ ಪ್ರತಿ ಶನಿವಾರ ಅಪ್ಪನ ಮನೆಯಿಂದ ಎರಡು ಗೋಣಿ ತೆಂಗಿನಕಾಯಿ ತರ್ಲಿಕ್ಕೆ ಉಂಟು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಎರಡು ಗೋಣಿ ಡಿಕ್ಕಿಗೆ ಹಿಡೀತದಾ ಅಂತ ಶೋರೂಮಿಗೇ ತಗೊಂಡು ಹೋಗಿ ಇಟ್ಟು ನೋಡುವ ಅಂದ್ರು. ಬರುವ ಸೋಮವಾರ ಹೋಗ್ಲಿಕ್ಕೆ ಉಂಟು.